ಬಚ್ಚಲ ಹಿಂದಿನ ಒಂದೆಲಗ

ದೊಡ್ಡಪತ್ರೆಯ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಹತ್ತುವ ವಾಸನೆ ಸೋಪು ಹಾಕಿ ತೊಳೆದರೂ ಬೇಗ ಬಿಡುವುದಿಲ್ಲ. ಹೋದ ವರ್ಷ ತೀರ್ಥಹಳ್ಳಿಯ ಬಾಡಿಗೆ ಮನೆಯ ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡು, ಐವತ್ತೆಂಟನೆಯ ವಯಸ್ಸಿನಲ್ಲಿ ಸೊಪ್ಪು ಬೆಳೆಸುವುದನ್ನು ಕಲಿಯಲು ಹೊರಟವಳಿಗೆ ಮೊದಲ ದಿನವೇ ಆ ವಾಸನೆ ಕೈಗೆ ಮೆತ್ತಿತು. ಅದರ ಬೆನ್ನಿಗೇ ಜೋಗದ ಕ್ವಾರ್ಟರ್ಸ್ ಬಂತು, ಅದರ ಬಚ್ಚಲು ಬಂತು, ಚಿಕ್ಕಮ್ಮ ಬಂದಳು. ನಿಮ್ಮಲ್ಲಿಗೂ ಹೀಗೆ ಕರೆಯದೆ ಬರುವವರು ಇರುತ್ತಾರೆ. ಬಂದವರನ್ನು ಕೂರಿಸಿ ಮಾತಾಡಿಸುವಷ್ಟು ತ್ರಾಣ ನನಗೆ ಅವತ್ತು ಇರಲಿಲ್ಲ.

ಅಪ್ಪ ಪವರ್‌ಹೌಸಿನಲ್ಲಿ ಶಿಫ್ಟ್ ಕೆಲಸದವರು. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು, ಅಕ್ಕನಿಗೆ ಒಂಬತ್ತು. ನಮ್ಮನ್ನು ನೋಡಿಕೊಳ್ಳಲು ತಿಂಗಳ ಮಟ್ಟಿಗೆಂದು ಬಂದ ಅಮ್ಮನ ತಂಗಿ ಕೊನೆಯವರೆಗೂ ಅಲ್ಲೇ ಉಳಿದಳು. ರಾತ್ರಿಪಾಳಿ ಮುಗಿಸಿ ಬಂದು ಅಪ್ಪ ಹಗಲಲ್ಲಿ ಮಲಗುತ್ತಿದ್ದರಿಂದ ಎರಡು ಕೋಣೆಯ ಆ ಮನೆಯಲ್ಲಿ ಬೆಳಗೆಲ್ಲ ಪಿಸುಮಾತು. ಗಲಾಟೆ ಮಾಡಿದರೆ ಚಿಕ್ಕಮ್ಮ ನಮ್ಮಿಬ್ಬರನ್ನೂ ಹಿತ್ತಿಲಿಗೆ ದಾಟಿಸುತ್ತಿದ್ದಳು. ಹಿತ್ತಿಲು ಅಂದರೆ ನಾಲ್ಕು ಮಾರು ಜಾಗ: ತುಕ್ಕು ಹಿಡಿದ ಎಣ್ಣೆ ಡಬ್ಬಗಳಲ್ಲಿ ದೊಡ್ಡಪತ್ರೆ, ಮಜ್ಜಿಗೆಹುಲ್ಲು, ಬಚ್ಚಲ ನೀರು ಹರಿದು ಯಾವಾಗಲೂ ಜವುಗಾಗಿರುತ್ತಿದ್ದ ಮೂಲೆಯಲ್ಲಿ ಇಲಿಕಿವಿಯಂಥ ಎಲೆಯ ಸೊಪ್ಪು. ಚಿಕ್ಕಮ್ಮ ಅದನ್ನು ಬ್ರಾಹ್ಮಿ ಅನ್ನುತ್ತಿದ್ದಳು, ನಾವೂ ಹಾಗೇ ಅಂದೆವು. "ಎಲೆ ಮಾತ್ರ ಚೂಟ್ರೇ. ಬೇರು ಎದ್ ಬಂದ್ರೆ ನಾಳೆ ಎಂತ ತಿಂತೀರಾ?" ಎಂದು ಪಿಸುಗುಟ್ಟೇ ಗದರುವಳು. ಆಮೇಲೆ ಸೊಪ್ಪನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಸೇರಿಸಿ, ಒರಳುಗುಂಡಿನ ಸದ್ದಿಗೆ ಅಪ್ಪನಿಗೆ ಎಚ್ಚರವಾದೀತೆಂದು ತೀರಾ ನಿಧಾನವಾಗಿ ಅರೆಯುತ್ತಿದ್ದಳು. ಆ ನಿಧಾನಕ್ಕೇ ಇರಬೇಕು, ಅವಳ ತಂಬುಳಿ ಬೆಣ್ಣೆಯಷ್ಟು ನುಣ್ಣಗಿರುತ್ತಿತ್ತು. ಮಜ್ಜಿಗೆ ಬೆರೆಸಿ ತಣ್ಣಗೆ ಬಡಿಸಿದರೆ ನಾನೂ ಅಕ್ಕನೂ ಕೊನೆಯ ಸೌಟಿಗೆ ಕಾಲಲ್ಲೇ ಜಗಳವಾಡುತ್ತಿದ್ದೆವು, ಬಾಯಿಬಿಡುವ ಹಾಗಿರಲಿಲ್ಲವಲ್ಲ.

ಆ ಅಕ್ಕ ಹೋದ ವರ್ಷ ನನ್ನ ಮನೆಯಲ್ಲಿ ಮಲಗಿದ್ದಳು. ಗಂಟಲಿನ ಕಾಯಿಲೆ. ಶಿವಮೊಗ್ಗಕ್ಕೆ ಓಡಾಡಿ ಓಡಾಡಿ ಇಬ್ಬರೂ ಸೋತಿದ್ದೆವು. ಗಂಜಿ ಬೇಡ, ಹಣ್ಣಿನ ರಸ ಬೇಡ, ಡಾಕ್ಟರು ಬರೆದುಕೊಟ್ಟ ಪುಡಿ ಅಂತೂ ಬೇಡವೇ ಬೇಡ. ಊಟ ಸೇರದಿದ್ದರೆ ಮುಂದಿನ ಚಿಕಿತ್ಸೆ ಇಲ್ಲ ಎಂದು ಅವರು ಹೇಳಿ ಕಳಿಸಿದ ದಿನ ಬಸ್ಸಿನಲ್ಲಿ, ಮಂಡಗದ್ದೆ ದಾಟಿದ ಮೇಲೆ ಅಕ್ಕ ಕಣ್ಣು ಮುಚ್ಚಿಕೊಂಡೇ, "ಬ್ರಾಹ್ಮಿ ತಂಬುಳಿ ಆದ್ರೆ ಉಣ್ತೀನಿ ಕಣೆ" ಅಂದಳು. ಕುಂಡ ತಂದಿದ್ದು ಅದಕ್ಕೆ.

ಆ ಸೊಪ್ಪಿನ ಬಳ್ಳಿ ಸಿಕ್ಕೀತೇನೋ ಎಂದು ಜೋಗಕ್ಕೂ ಒಮ್ಮೆ ಹೋಗಿ ಬಂದೆ. ನಮ್ಮ ಸಾಲಿನ ಮನೆಗಳನ್ನು ಕೆಡವಿ ನೆಲ ಮಟ್ಟ ಮಾಡಿದ್ದರು, ಬಚ್ಚಲು ಎಲ್ಲಿತ್ತೆಂದು ಹೆಜ್ಜೆ ಅಳೆದರೂ ತಿಳಿಯಲಿಲ್ಲ. ಕೊನೆಗೆ ನರ್ಸರಿಯಲ್ಲಿ ಬ್ರಾಹ್ಮಿ ಬೇಕೆಂದು ಕೇಳಿ ತಂದು ನೆಟ್ಟೆ. ಮೊಬೈಲಿನಲ್ಲಿ ನೋಡಿದ ಹಾಗೆ ಮರಳು, ಗೊಬ್ಬರ, ತಳಕ್ಕೆ ಹೆಂಚಿನ ಚೂರು ಎಲ್ಲ ಹಾಕಿದೆ. ಗಿಡ ಹಬ್ಬಿತು, ಆದರೆ ಎಲೆ ಇಲಿಕಿವಿ ಆಗಲೇ ಇಲ್ಲ, ಸಣ್ಣಗೆ ದಪ್ಪಗೆ ಉಳಿಯಿತು. ಎಳೆಯದಿರಬೇಕು, ಅಗಲವಾದೀತು ಎಂದು ಪೆದ್ದಿಯ ಹಾಗೆ ಒಂದೂವರೆ ತಿಂಗಳು ಕಾದೆ. ಒಂದು ಎಲೆ ಬಾಯಿಗಿಟ್ಟರೆ ವಿಷದಂಥ ಕಹಿ. ಕುಂಡವನ್ನೇ ಹೊತ್ತುಕೊಂಡು ಹೋದೆ. "ಮೇಡಂ, ನೀವು ಕೇಳಿದ್ದು ಇದನ್ನೇ, ಇದು ನೀರುಬ್ರಾಹ್ಮಿ. ನೀವು ಹೇಳ್ತಿರೋದು ಒಂದೆಲಗ. ನಮ್ ಕಡೆ ಎರಡಕ್ಕೂ ಅದೇ ಹೆಸರು ಹೇಳ್ತಾರೆ, ಎಂತ ಮಾಡದು?" ಅಂದರು ನರ್ಸರಿಯವರು. ಅವರ ತಪ್ಪೇನಿಲ್ಲ. ಅಷ್ಟರಲ್ಲಿ ಅಕ್ಕನ ಬಳೆ ಮೊಣಕೈವರೆಗೆ ಜಾರುತ್ತಿತ್ತು.

ಅವರಲ್ಲೇ ಒಂದೆಲಗ ಕೊಂಡು ತಂದು, ತಾರಸಿಯ ಬಿಸಿಲಿಗಿಡದೆ, ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೀರು ನಿಲ್ಲುವಲ್ಲಿ ಇಟ್ಟೆ. ಒಂದು ಹಿಡಿ ಸೊಪ್ಪಾದ ದಿನವೇ ತಂಬುಳಿ ಮಾಡಿ, ಅಕ್ಕನನ್ನು ದಿಂಬಿಗೆ ಒರಗಿಸಿ ಬಟ್ಟಲು ಹಿಡಿದೆ. ಎರಡು ಚಮಚ ನುಂಗಿದಳು. ಹೇಗಿದೆ ಎಂದು ಕೇಳಿದೆ.

"ನಂಗೆ ಯಾವ್ದರ ರುಚಿನೂ ಗೊತ್ತಾಗಲ್ಲ ಕಣೆ, ಶಿವಮೊಗ್ಗದಲ್ಲಿ ಗಂಟಲಿಗೆ ಕರೆಂಟು ಕೊಟ್ಟಾಗಿಂದ. ನೀನೇ ತಿಂದು ಹೇಳು."

ಅದೇ ಬಟ್ಟಲಿನಿಂದ ಬಾಯಿಗೆ ಹಾಕಿಕೊಂಡೆ. ಅವಳಿಗೆ ಉರಿಯಬಾರದೆಂದು ಮೆಣಸು ಬಿಟ್ಟಿದ್ದೆ ಸರಿ, ಉಪ್ಪು ಹಾಕುವುದನ್ನೂ ಮರೆತಿದ್ದೆ. ಶುದ್ಧ ಸಪ್ಪೆ.

"ಥೇಟ್ ಚಿಕ್ಕಮ್ಮಂದೇ" ಅಂದೆ.

ಸುಳ್ಳು ಹೇಳುವಾಗ ನನ್ನ ಮೂಗು ಅರಳುತ್ತದೆಂದು ಚಿಕ್ಕಂದಿನಿಂದ ಛೇಡಿಸುತ್ತಿದ್ದವಳು ಅಕ್ಕ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಹಂಗಾರೆ ಇನ್ನೊಂದ್ ಸೌಟು ಹಾಕು" ಅಂದಳು. ಅಷ್ಟನ್ನೂ ಉಂಡಳು.

ನವರಾತ್ರಿಗೆ ಮೊದಲೇ ಅಕ್ಕ ಹೋದಳು. ಜೋಗದ ಆ ಮನೆಯ ಬಗ್ಗೆ ನಾನು ಏನು ಬರೆದರೂ, ಇದು ಸುಳ್ಳು ಕಣೆ ಎನ್ನಬಲ್ಲವರು ಈಗ ಯಾರೂ ಇಲ್ಲ.