ಗಡಿಯಾರ ನೋಡುವ ಗೆಳೆಯ

ಡಾಕ್ಟರಿಗೆ ಸಂಗೀತದ ಗಂಧಗಾಳಿಯೂ ಇಲ್ಲವೆಂಬುದು ಕೊಳಲಿನವರಿಗೆ ಮೂವತ್ತು ವರ್ಷಗಳಿಂದ ಗೊತ್ತು. ಗೊತ್ತಿಲ್ಲದ್ದೆಂದರೆ, ಮತ್ತೇಕೆ ಈ ಮನುಷ್ಯ ದಿನವೂ ಸಂಜೆ ತಮ್ಮ ಅಭ್ಯಾಸದ ಕೋಣೆಗೆ ಬಂದು ಕೂರುತ್ತಾನೆ ಎಂಬುದು. ಕಿಟಕಿಯ ಪಕ್ಕದ ಮುರುಕು ಕುರ್ಚಿಯೇ ಅವನಿಗೆ ಬೇಕು. ತಲೆದೂಗಬೇಕಾದಲ್ಲಿ ಆಕಳಿಸುತ್ತಾನೆ, ರಾಗ ಮುಗಿಯುವ ಮೊದಲೇ ಚಪ್ಪಾಳೆ ತಟ್ಟುತ್ತಾನೆ, ಹೊಸ ಕೊಳಲು ಕಂಡರೆ "ಇದಕ್ಕೆಷ್ಟು ತೂತು?" ಎನ್ನುತ್ತಾನೆ. ಎಲ್ಲಕ್ಕಿಂತ ಕೆಟ್ಟ ಚಾಳಿಯೆಂದರೆ, ಕೊಳಲಿನವರು ಮೈಮರೆತು ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು ನಿಲ್ಲಿಸಿದಾಗಲೇ ಕೈ ಎತ್ತಿ ಗಡಿಯಾರ ನೋಡುತ್ತಾನೆ. "ಹೆಂಡ್ತಿ ಕಾಯ್ತಿದ್ರೆ ಹೋಗಯ್ಯ!" ಎಂದು ರೇಗಿದರೆ, "ನೀನು ಊದಯ್ಯ, ನನ್ನ ಗಡಿಯಾರ ನಾನು ನೋಡ್ಕೋತೀನಿ" ಎನ್ನುತ್ತಾನೆ. ಸ್ಟೆತಾಸ್ಕೋಪು ಕಂಡರೆ ಮಾರುದೂರ ಓಡುವ ಕೊಳಲಿನವರು, ಅದನ್ನು ಜೇಬಿನಿಂದ ಹೊರಗೆ ತೆಗೆಯಬಾರದೆಂಬ ಕರಾರಿನ ಮೇಲೆಯೇ ಅವನನ್ನು ಒಳಗೆ ಬಿಟ್ಟುಕೊಂಡಿದ್ದರು. ಮೊನ್ನೆ ಮಾತ್ರ ಡಾಕ್ಟರು ಚಪ್ಪಾಳೆ ತಟ್ಟಲಿಲ್ಲ. "ಮೂವತ್ತು ವರ್ಷದಲ್ಲಿ ನಿನ್ನ ಉದ್ದದ ಉಸಿರು ಒಂದು ದಿನಾನೂ ಇಪ್ಪತ್ತೆರಡು ಸೆಕೆಂಡಿಗೆ ಕಮ್ಮಿ ಆಗಿರ್ಲಿಲ್ಲ. ಈ ವಾರ ಹದಿನೇಳು ದಾಟ್ತಿಲ್ಲ ಕಣೋ," ಎಂದ. ಕೊಳಲಿನವರು ಕೊಳಲನ್ನು ಒರೆಸುತ್ತ ಕೇಳಿದರು, "ಅಂದ್ರೆ, ಇಷ್ಟು ವರ್ಷ ನೀನು ಹಾಡು ಕೇಳ್ಲೇ ಇಲ್ವಾ?" "ಹಾಡು ಕೇಳೋಕೆ ನಂಗೆಲ್ಲಿ ಬರುತ್ತಯ್ಯ? ನಿನ್ನ ಕೇಳ್ತಿದ್ದೆ." ಕೊಳಲಿನವರು ಕೊಳಲನ್ನು ಪಕ್ಕಕ್ಕಿಟ್ಟು, ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.