ನಾಲ್ಕು ಆಟಗಳ ತಿದ್ದುಪಡಿ

ಹೋದ ಗುರುವಾರ ಬೆಳಗ್ಗೆ ವಾಷಿಂಗ್ ಮಷಿನ್ನಿನಿಂದ ಬಟ್ಟೆ ತೆಗೆಯುವಾಗ ತಳದಲ್ಲಿ ಬೆರಳುದ್ದದ ಒಂದು ಪೆನ್ಸಿಲ್ ಸಿಕ್ಕಿತು. ಹಳದಿ ಬಣ್ಣ ಅರ್ಧ ಸುಲಿದಿತ್ತು, ತುದಿಯ ರಬ್ಬರು ಊದಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದರೆ ಸೋಪಿನ ವಾಸನೆಯನ್ನೂ ಮೀರಿ ಒದ್ದೆ ಮರದ ವಾಸನೆ. ಮಗಳು ಅನಘಾಳ ಜಾಕೆಟ್ಟಿನ ಜೇಬಿನಿಂದ ಬಿದ್ದದ್ದು. ನಮ್ಮ ಮನೆಯಲ್ಲಿ ಎಲ್ಲರೂ ಕೀಲಿಮಣೆ ಕುಟ್ಟುವವರು. ಪೆನ್ಸಿಲ್ ಇಟ್ಟುಕೊಂಡು ಓಡಾಡುವ ಒಬ್ಬರನ್ನಷ್ಟೇ ನಾನು ಬಲ್ಲೆ. ಅವರು ಕೋಚ್ ಗ್ಲೆನ್.

ಅವರನ್ನು ಮೊದಲು ನೋಡಿದ್ದು ಮೂರು ವರ್ಷದ ಹಿಂದೆ, ನಾವಿರುವ ಅಮೆರಿಕದ ಸ್ಯಾನ್ ರಮೋನ್‌ನಲ್ಲಿ, ಮಗಳ ಹೈಸ್ಕೂಲಿನ ಮೈದಾನದಲ್ಲಿ. ಅನಘಾ ಆಗಷ್ಟೇ ಬಾಲಕಿಯರ ಫ್ಲ್ಯಾಗ್ ಫುಟ್‌ಬಾಲ್ ತಂಡ ಸೇರಿದ್ದಳು. ನಾವು ಊರಲ್ಲಿ ಒದೆಯುತ್ತಿದ್ದ ಫುಟ್‌ಬಾಲಲ್ಲ ಇದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಆಟ. ಎದುರಾಳಿಯನ್ನು ಕೆಡವುವ ಬದಲು ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು ಎಂಬುದೊಂದೇ ತಾಯಿತಂದೆಯರ ಸಮಾಧಾನ. ಆಟದ ಯಜಮಾನಿಕೆಯೆಲ್ಲ ಕ್ವಾರ್ಟರ್‌ಬ್ಯಾಕಿನದು. ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವಳ ಕೈಗೆ. ಯಾರಿಗೆ ಕೊಡಬೇಕು, ಯಾರತ್ತ ಎಸೆಯಬೇಕು ಎಂದು ಒಂದೆರಡು ಉಸಿರಿನಲ್ಲಿ ತೀರ್ಮಾನಿಸಬೇಕಾದವಳೂ ಅವಳೇ. ಅನಘಾ ಮೀಸಲು ಕ್ವಾರ್ಟರ್‌ಬ್ಯಾಕು. ಕ್ರಿಕೆಟ್ಟಿನ ಹನ್ನೆರಡನೆಯ ಆಟಗಾರನಾದರೂ ನೀರು ಹೊತ್ತು ಮೈದಾನದೊಳಕ್ಕೆ ಹೋಗಿ ಬರುತ್ತಾನೆ. ಇವಳಿಗೆ ಅದೂ ಇರಲಿಲ್ಲ.

ಗ್ಲೆನ್ ಆ ಶಾಲೆಯ ವ್ಯಾಯಾಮ ಶಿಕ್ಷಕರು, ತಂಡದ ಸಹಾಯಕ ಕೋಚು. ಎತ್ತರದ ಆಳು, ಐವತ್ತು ದಾಟಿದ ವಯಸ್ಸು. ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಟೋಪಿ ಸರಿಮಾಡಿಕೊಳ್ಳುವುದಕ್ಕೂ ಎಡಗೈಯೇ. ಪ್ರತಿ ಚೆಂಡು ಮುಗಿದ ಮೇಲೆ ತಲೆ ತಗ್ಗಿಸಿ ರಟ್ಟಿನ ಮೇಲಿನ ಹಾಳೆಯಲ್ಲಿ ಏನೋ ಬರೆಯುತ್ತಿದ್ದರು. ತಂಡ ಗೆದ್ದಾಗ ಎಲ್ಲರೂ ಕುಣಿದರು. ಅವರು ಬರೆದು ಮುಗಿಸಿ ಆಮೇಲೆ ಚಪ್ಪಾಳೆ ತಟ್ಟಿದರು. ನನಗೆ ಕುತೂಹಲ ಹುಟ್ಟಿದ್ದು ಅಲ್ಲಿ. ಪಕ್ಕದಲ್ಲಿ ಕೂತಿದ್ದ ಪ್ರಸಾದ್, ಮೈಸೂರಿನವರು, ಅವರ ಮಗಳೂ ತಂಡದಲ್ಲಿದ್ದಳು, ಬಾಗಿ ಹೇಳಿದರು. "ಪ್ರೊಫೆಷನಲ್ ಕ್ವಾರ್ಟರ್‌ಬ್ಯಾಕ್ ಆಗಿದ್ರಂತೆ ಸರ್, ಹನ್ನೊಂದು ವರ್ಷ. ನೀವು ಪೇಪರ್‌ನೋರು, ಒಂದು ಆರ್ಟಿಕಲ್ಲು ಬರೀರಿ."

ನಾನು ಪೇಪರಿನವನೆಂಬುದು ಅರ್ಧ ಸತ್ಯ. ಬೆಂಗಳೂರಿನ ಒಂದು ದಿನಪತ್ರಿಕೆಯ ಕ್ರೀಡಾ ಪುಟದಲ್ಲಿ ಹದಿನಾಲ್ಕು ವರ್ಷ ಉಪಸಂಪಾದಕನಾಗಿದ್ದೆ. ಆಟ ನೋಡಿ ಬರುವವರು ವರದಿಗಾರರು. ಅವರು ಬರೆದದ್ದನ್ನು ತಿದ್ದಿ, ಕತ್ತರಿಸಿ, ತಲೆಬರಹ ಕೊಡುವುದು ನನ್ನ ಕೆಲಸ. ಪತ್ರಿಕೆಯಲ್ಲಿ ನನ್ನ ಹೆಸರು ಬಂದದ್ದು ಎರಡು ಸಲ. ಅದರಲ್ಲಿ ಒಂದು ಸಲ ತಪ್ಪಾಗಿ. ಹೆಂಡತಿಗೆ ಸಾಂಟಾ ಕ್ಲಾರಾದಲ್ಲಿ ಕೆಲಸ ಸಿಕ್ಕ ಮೇಲೆ ಇಲ್ಲಿಗೆ ಬಂದೆವು. ಈಗ ಒಂದು ಕಂಪನಿಯ ಕೈಪಿಡಿಗಳನ್ನು ತಿದ್ದುತ್ತೇನೆ. ಅಂಥವನಿಗೆ "ಬರೀರಿ" ಎಂದರೆ ಹಿಗ್ಗದೆ ಇರುತ್ತಾನೆಯೇ?

ಮುಂದಿನ ವಾರ ಅಭ್ಯಾಸ ಮುಗಿದ ಮೇಲೆ ಮೈದಾನದ ಅಲ್ಯುಮಿನಿಯಂ ಮೆಟ್ಟಿಲುಗಳ ಮೇಲೆ ಕೂತು ಗ್ಲೆನ್ ಜೊತೆ ಒಂದು ಗಂಟೆ ಮಾತಾಡಿದೆ. ಅವರು ಆಡಿದ್ದು ಇಂಗ್ಲಿಷ್, ಕನ್ನಡ ನನ್ನದು. ಪೆನ್ಸಿಲೇ ಯಾಕೆ ಎಂದು ಕೇಳಿದೆ. "ಹಿಮ ಬೀಳುವ ಊರುಗಳಲ್ಲಿ ಪೆನ್ನು ಬರೆಯೋದಿಲ್ಲ. ಮಳೆಯಲ್ಲಿ ಶಾಯಿ ಹರಡುತ್ತೆ. ಪೆನ್ಸಿಲ್ ಯಾವತ್ತೂ ಕೈಕೊಟ್ಟಿಲ್ಲ." ಮುಂದೇನು ಆಸೆ ಎಂದೆ. ಅವರು ಮೈದಾನದ ಕಡೆ ನೋಡಿದರು. "ಒಂದು ಸಲ, ಮುಂದಿನ ಚೆಂಡಿಗೆ ಯಾವ ಆಟ ಅಂತ ನಾನೇ ಹೇಳಬೇಕು. ಇಷ್ಟು ವರ್ಷ ಬೇರೆಯವರು ಹೇಳಿದ್ದನ್ನ ಬರೆದುಕೊಂಡಿದ್ದೇನೆ." ಮಾತು ಚೆನ್ನಾಗಿದೆ ಎನಿಸಿ ಟಿಪ್ಪಣಿ ಮಾಡಿಕೊಂಡೆ. ಅದರ ಅರ್ಥವೇನೆಂದು ಕೇಳಲಿಲ್ಲ.

ಲೇಖನ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾಯಿತು. ತಲೆಬರಹ: 'ಹನ್ನೊಂದು ವರ್ಷ ಮೈದಾನದಲ್ಲಿ'. ಅದೇ ಚಳಿಗಾಲ ತಂಡದ ಮುಖ್ಯ ಕೋಚ್ ಬೇರೆ ಊರಿಗೆ ಹೋದರು. ಆ ಜಾಗಕ್ಕೆ ಗ್ಲೆನ್ ಅರ್ಜಿ ಹಾಕಿದರು. ಕಾಲೇಜು ತಂಡದಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕಾಗಿ ಹೆಸರು ಮಾಡಿದ್ದ ಒಬ್ಬ ಯುವಕನೂ ಹಾಕಿದ. ಪ್ರಸಾದ್ ಸುಮ್ಮನೆ ಕೂರುವವರಲ್ಲ. ನನ್ನ ಲೇಖನವನ್ನು ಇಂಗ್ಲಿಷಿಗೆ ತಿರುಗಿಸಿ, ಗ್ಲೆನ್ ಪರವಾಗಿ ಪೋಷಕರಿಂದ ಸಹಿ ಮಾಡಿಸಿ, ಶಾಲೆಗೆ ಕಳಿಸಿದರು.

ಸಂಚಿಕೆಯನ್ನು ಮನೆಯಲ್ಲಿ ಪೂರ್ತಿ ಓದಿದ್ದು ನನ್ನ ತಾಯಿ ಒಬ್ಬರೇ. ಧಾರವಾಡದವರು, ನಮ್ಮ ಜೊತೆಗೇ ಇದ್ದಾರೆ. ಕನ್ನಡಕ ತೆಗೆದು ಕೇಳಿದರು. "ಹನ್ನೊಂದ ವರ್ಷ ಮೈದಾನದಾಗ ಅಂತ ಬರದೀ. ಆ ಮಾಸ್ತರು ಆಡ್ಯಾರ ಎಷ್ಟ ಆಟ?"

"ಕೇಳಿಲ್ಲವ್ವಾ."

"ಕೇಳಲಾರದನ ಬರದ್ಯಾ? ಹದಿನಾಲ್ಕ ವರ್ಷ ಪೇಪರ್‌ನ್ಯಾಗ ಏನ ಮಾಡಿದಿ ಮತ್ತ?"

ನಾನಿದ್ದ ಮೇಜಿಗೆ ಇಂಥ ವರದಿ ಬಂದಿದ್ದರೆ ಇದೇ ಪ್ರಶ್ನೆಯನ್ನು ಕೆಂಪು ಶಾಯಿಯಲ್ಲಿ ಬರೆದು ವಾಪಸು ಕಳಿಸುತ್ತಿದ್ದೆ. ಮಾರನೆಯ ದಿನ ಗ್ಲೆನ್ ಮನೆಗೆ ಹೋದೆ. ಗ್ಯಾರೇಜಿನ ಬಾಗಿಲು ತೆರೆದಿತ್ತು. ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು, ಪೆಟ್ಟಿಗೆಗಳ ತುಂಬ ನೋಟ್‌ಬುಕ್ಕು. ಪ್ರಶ್ನೆ ಕೇಳಿದೆ.

"ನಾಲ್ಕು" ಎಂದರು. "ನಾಲ್ಕನೆಯದರಲ್ಲಿ ಈ ಭುಜ ಹೋಯಿತು. ಉಳಿದದ್ದೆಲ್ಲ ಇಲ್ಲಿದೆ." ಒಂದು ಪುಸ್ತಕ ತೆರೆದು ತೋರಿಸಿದರು. ಮೀಸಲು ಆಟಗಾರನಾಗಿ ಮೈದಾನದ ಅಂಚಿನಲ್ಲಿ ನಿಂತು ಬರೆದದ್ದು: ಪ್ರತಿ ಚೆಂಡಿಗೂ ಮುಖ್ಯ ಕೋಚ್ ಯಾವ ಆಟ ಹೇಳಿದರು, ಎದುರಾಳಿಗಳು ಎಲ್ಲಿ ನಿಂತಿದ್ದರು, ಏನಾಯಿತು. ಒಂದು ಚೆಂಡೂ ಬಿಟ್ಟಿರಲಿಲ್ಲ. ಇಂಗ್ಲಿಷಿನ ಲೇಖನ ಹಿಂದಿನ ದಿನವಷ್ಟೇ ಅವರ ಕೈ ಸೇರಿತ್ತು. ಅದನ್ನು ಮಡಚಿ ನನಗೆ ಕೊಟ್ಟರು. "ಇದನ್ನ ನೀವು ಸರಿಮಾಡ್ತೀರೋ, ನಾನು ಮಾಡಲೋ?"

ಮನೆಗೆ ಬಂದು ಹೇಳಿದಾಗ ಅನಘಾ ಊಟದ ತಟ್ಟೆ ದೂರ ತಳ್ಳಿದಳು. "ಅಪ್ಪಾ, ಡೋಂಟ್. ಹೀ ವೋಂಟ್ ಗೆಟ್ ಇಟ್. ನನಗೆ ಟೀಚ್ ಮಾಡೋದು ಅವರೊಬ್ಬರೇ." ಅವಳು ಹೇಳಿದ್ದು ನಿಜ. ಆಡದವಳನ್ನೂ ಕರೆದು ಹಾಳೆ ತೋರಿಸಿ, ಇಲ್ಲಿ ನೀನಿದ್ದರೆ ಯಾರಿಗೆ ಎಸೆಯುತ್ತಿದ್ದೆ ಎಂದು ಕೇಳುತ್ತಿದ್ದವರು ಅವರು ಮಾತ್ರ. ಆಯ್ಕೆಗೆ ಇನ್ನು ಮೂರೇ ದಿನವಿತ್ತು. ನಾನು ಸುಮ್ಮನಿದ್ದರೆ ತಪ್ಪಿನ ಜವಾಬ್ದಾರಿ ಅವರ ಹೆಗಲಿಗೆ, ಅದೂ ಆ ಹೆಗಲಿಗೆ.

ಅಂದೇ ರಾತ್ರಿ ಬರೆದೆ. ''ಹನ್ನೊಂದು ವರ್ಷ ಮೈದಾನದಲ್ಲಿ' ಎಂಬ ತಲೆಬರಹ ತಪ್ಪು. ಕೋಚ್ ಗ್ಲೆನ್ ವೃತ್ತಿಪರ ತಂಡಗಳಲ್ಲಿ ಹನ್ನೊಂದು ವರ್ಷ ಇದ್ದರು. ಆಡಿದ್ದು ನಾಲ್ಕು ಆಟ. ತಪ್ಪು ಲೇಖಕನದು.' ಕನ್ನಡದ ಪ್ರತಿ ಸಂಘಕ್ಕೆ, ಇಂಗ್ಲಿಷಿನದು ಶಾಲೆಗೆ. ನನ್ನ ಹೆಸರಿನಲ್ಲಿ ಅಚ್ಚಾದ ಅತಿ ಚಿಕ್ಕ ಬರಹ ಅದು, ಮೂರು ಬಾರಿ ತಿದ್ದಿದ್ದು.

ಕೆಲಸ ಯುವಕನಿಗೆ ಸಿಕ್ಕಿತು. ನನ್ನ ಕಾಗದದಿಂದಲೋ ಅಲ್ಲವೋ ಎಂದು ಶಾಲೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಪ್ರಸಾದ್ ಫ್ರೀಮಾಂಟಿನ ಅಂಗಡಿಯಲ್ಲಿ ಕರಿಬೇವಿನ ಮುಂದೆ ಸಿಕ್ಕಿ, "ಸುಮ್ನೆ ಇದ್ದಿದ್ರೆ ಆಗ್ತಿತ್ತಲ್ಲ ಸರ್. ಯಾರ್ ಕೇಳಿದ್ರು ನಿಮ್ಮನ್ನ?" ಎಂದರು. ನಮ್ಮವ್ವ ಕೇಳಿದ್ದರು ಎನ್ನಲು ಧೈರ್ಯ ಸಾಲಲಿಲ್ಲ. ಅನಘಾ ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಗ್ಲೆನ್ ಮಾತ್ರ ಮುಂದಿನ ಅಭ್ಯಾಸದ ದಿನ ಯಥಾಪ್ರಕಾರ ಅಂಚಿನಲ್ಲಿ ನಿಂತಿದ್ದರು, ಜೇಬಿನಲ್ಲಿ ಪೆನ್ಸಿಲ್. ನನ್ನನ್ನು ಕಂಡು ಎಡಗೈ ಎತ್ತಿದರು.

ಹೋದ ಗುರುವಾರ ಸಂಜೆ ಅನಘಾ ಬಂದಾಗ ಒಣಗಿದ ಪೆನ್ಸಿಲ್ ಕೊಟ್ಟೆ. ಅವಳಿಗೆ ಇದು ಹೈಸ್ಕೂಲಿನ ಕೊನೆಯ ವರ್ಷ, ಈಗಲೂ ಮೀಸಲು. ಮೂರು ವರ್ಷದ ಹಿಂದೆ ಬೇರೊಬ್ಬರಿಗೆ ಕೇಳಲು ಮರೆತ ಪ್ರಶ್ನೆಯನ್ನು ಅವಳಿಗೆ ಕೇಳಿದೆ. "ಈ ವರ್ಷ ಎಷ್ಟು ಆಟ ಆಡಿದೆ?"

"ಝೀರೋ" ಎಂದಳು. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. "ಬಟ್ ಐ ಹ್ಯಾವ್ ಆಲ್ ಆಫ್ ದೆಮ್." ನಾನು ಪುಟ ತಿರುಗಿಸಿದೆ. ಒಂದು ಚೆಂಡೂ ಬಿಟ್ಟಿರಲಿಲ್ಲ. ಅವಳು ಅಡುಗೆಮನೆಯ ಚಾಕುವಿನಲ್ಲಿ ಪೆನ್ಸಿಲ್ ಹೆರೆಯತೊಡಗಿದಳು.

ಭಾನುವಾರ ಗ್ಲೆನ್ ಫೋನ್ ಮಾಡಿದರು. ಯುವ ಕೋಚ್ ಈ ಸೀಸನ್ ಮುಗಿದ ಮೇಲೆ ಕಾಲೇಜೊಂದಕ್ಕೆ ಹೋಗುತ್ತಾರಂತೆ, ಶಾಲೆ ಮತ್ತೆ ಅರ್ಜಿ ಕರೆದಿದೆಯಂತೆ. "ಆ ತಿದ್ದುಪಡಿಯ ನಾಲ್ಕು ಸಾಲು ನಿಮ್ಮ ಹತ್ತಿರ ಇದೆಯಾ? ಅರ್ಜಿ ಜೊತೆ ಇಡಬೇಕು."

"ಲೇಖನವೂ ಇದೆ" ಎಂದೆ.

"ಲೇಖನ ಬೇಡ."

ನಿನ್ನೆ, ಬುಧವಾರ ಮಧ್ಯಾಹ್ನ, ಅವರು ಅರ್ಜಿ ಕೊಟ್ಟರು. ಶಾಲೆಯಿಂದ ಇನ್ನೂ ಉತ್ತರ ಬಂದಿಲ್ಲ.