ಮೋತಿಗೆ ಹಾಕಿದ ಈರುಳ್ಳಿ

ಮೋತಿ ಉಚ್ಚೆ ಹೊಯ್ದ ಜಾಗ ಕೆಂಪಗಿತ್ತು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ. ಅವತ್ತು ನಾಯಿ ಅನ್ನವನ್ನು ಮೂಸಿ ಬಿಟ್ಟಿತು. ಬಾಯಿ ತೆರೆಸಿ ನೋಡಿದೆ. ವಸಡು ಸುಣ್ಣದಂತೆ ಬೆಳ್ಳಗಿತ್ತು. ಬಾಗಿಲವರೆಗೆ ನಡೆಯುವಷ್ಟರಲ್ಲಿ ಅದಕ್ಕೆ ಏದುಸಿರು.

ನಮ್ಮದು ತೀರ್ಥಹಳ್ಳಿ ಪೇಟೆಯ ಜೈನರ ಮನೆ. ಯಜಮಾನರದ್ದು ಬಟ್ಟೆ ಅಂಗಡಿ. ಮೋತಿ ನಮ್ಮತ್ತೆಯ ನಾಯಿ. ಮಾವ ತೀರಿಕೊಂಡ ಮೇಲೆ ಅತ್ತೆ ಮನಸ್ಸು ಬಿಚ್ಚಿ ಮಾತಾಡಿದ್ದೇನಾದರೂ ಇದ್ದರೆ ಅದರ ಜೊತೆಗೇ. ನಮ್ಮ ಜೊತೆ ಬರೀ ಅಪ್ಪಣೆ! ಮೋತಿ ಮಾಂಸ ಮುಟ್ಟುವುದಿಲ್ಲ, ಅದೂ ಶ್ರಾವಕನೇ ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ನನಗೆ ಒಳಗೊಳಗೇ ನಗು.

ಅತ್ತೆಯ ಅನುಮಾನ ಹೋಗಿದ್ದು ಪಕ್ಕದ ಗೌಡರ ಮನೆಯ ಸಾವಿತ್ರಮ್ಮನ ಮೇಲೆ. ಮೋತಿ ಅವರ ಕೋಳಿಗಳನ್ನು ಅಟ್ಟಿಸಿಕೊಂಡು ಹೋಗಿ ಜಗಳವಾಗಿತ್ತು. ಅವಳೇ ವಿಷ ಹಾಕಿದ್ದು ಎಂದು ಬೇಲಿ ಪಕ್ಕ ನಿಂತು, ಕೇಳಿಸಲಿ ಎಂದೇ ಹೇಳಿದರು. ಸಾವಿತ್ರಮ್ಮ ಕೋಳಿಗಳನ್ನು ಅಟ್ಟಿಕೊಂಡು ಒಳಗೆ ಹೋದರು.

ಯಜಮಾನರು ಮೋತಿಯನ್ನು ಬುಟ್ಟಿಯಲ್ಲಿಟ್ಟು ಸೈಕಲ್ಲಿಗೆ ಕಟ್ಟಿದರು. ಅತ್ತೆಯೂ ನಾನೂ ದನದ ಆಸ್ಪತ್ರೆವರೆಗೆ ಹಿಂದೆ ಹಿಂದೆಯೇ ನಡೆದೆವು. ಡಾಕ್ಟರು ಕಣ್ಣಿನ ರೆಪ್ಪೆ ಮಡಚಿ ನೋಡಿ, ಈಚೆಗೆ ಏನೇನು ತಿಂದಿದೆ ಎಂದು ಕೇಳಿದರು. ಮನೆ ಅನ್ನ, ತುಪ್ಪ, ಹುರಿದ ಈರುಳ್ಳಿ ಎಂದು ಅತ್ತೆ ಹೆಮ್ಮೆಯಿಂದಲೇ ಹೇಳಿದರು.

ಉಳಿದ ದಿನ ತಿಂದರೂ, ಚಾತುರ್ಮಾಸ ಹಿಡಿದರೆ ನಮ್ಮ ಮನೆಗೆ ಈರುಳ್ಳಿ ಬರುವಂತಿಲ್ಲ. ಇದ್ದದ್ದನ್ನು ವ್ರತಕ್ಕೆ ಮೊದಲೇ ಮುಗಿಸಬೇಕು. ಎಸೆಯುವ ಹಾಗೂ ಇಲ್ಲ, ಮೊಳಕೆ ಬಂದರೆ ಅದೂ ಜೀವ. ಈ ಸಲ ಬುಟ್ಟಿ ತುಂಬ ಉಳಿದಿತ್ತು. ನಾವು ತಿಂದು ತಿಂದು ಸಾಕಾಗಿ, ಉಳಿದದ್ದನ್ನೆಲ್ಲ ಅತ್ತೆ ದಿನಾ ತುಪ್ಪದಲ್ಲಿ ಹುರಿದು ಮೋತಿಯ ಅನ್ನಕ್ಕೆ ಕಲಸಿದ್ದರು. ಅದು ತಟ್ಟೆ ನೆಕ್ಕುವುದನ್ನು ನೋಡಿ ಅವರಿಗೆ ಹೊಟ್ಟೆ ತುಂಬುತ್ತಿತ್ತು.

"ಚಾಕಲೇಟು, ಈರುಳ್ಳಿ ಎಲ್ಲ ನಾಯಿಗೆ ವಿಷ ಅಮ್ಮ," ಎಂದರು ಡಾಕ್ಟರು. "ಈರುಳ್ಳಿ ತಿಂದ್ರೆ ರಕ್ತವೇ ಒಡೆದು ಉಚ್ಚೇಲಿ ಹೋಗುತ್ತೆ."

ಅತ್ತೆ ಸೆರಗಿನಿಂದ ಮೋತಿಯ ಬಾಯಿ ಒರೆಸಿದರು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ರಕ್ತ ಊರಬೇಕಾದರೆ ಲಿವರ್ ಬೇಯಿಸಿ ತಿನ್ನಿಸಿ ಎಂದರು. ಯಾರ ಮನೆಗೆ ಹೇಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ಆದರೂ ಹೇಳಿದರು. ಬೇರೆ ದಾರಿ ಇದ್ದಿದ್ದರೆ ಹೇಳುತ್ತಿರಲಿಲ್ಲವೇನೋ.

ಮನೆಗೆ ಬಂದು ಹಾಲಿಟ್ಟೆವು, ಗಂಜಿ ಇಟ್ಟೆವು. ಮೋತಿ ತಲೆ ಎತ್ತಲಿಲ್ಲ. ಇರುವೆ ಕಂಡರೂ ದಾಟಿ ನಡೆಯುವ ಹೆಂಗಸು ಅತ್ತೆ. ಸಾಕಿದ ಜೀವದ ರಕ್ತವನ್ನು ಪ್ರೀತಿಯಿಂದಲೇ ಒಡೆದುಬಿಟ್ಟಿದ್ದರು. ಅವರ ಮುಖ ನೋಡಲಾಗದೆ ನಾನು ಪಾತ್ರೆ ತಿಕ್ಕುತ್ತ ಕೂತೆ. ಅಯ್ಯೋ, ಯಾರನ್ನು ಬೈಯಲಿ?

"ನನ್ನ ಒಲೆ ಮೇಲೆ ಅದು ಬೇಯದಿಲ್ಲ ಕಣೆ," ಎಂದರು ಕಡೆಗೆ. "ಹಂಗಂತ ಇದು ಸಾಯದೂ ಬ್ಯಾಡ."

ನಾಯಿಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡರು. ನನ್ನ ಕೈಗೂ ಕೊಡಲಿಲ್ಲ. ನೇರ ಸಾವಿತ್ರಮ್ಮನ ಅಂಗಳಕ್ಕೆ ಹೋದರು.

"ವಿಷ ಹಾಕಿದ್ದು ನಾನೇ ಸಾವಿತ್ರಿ. ನೀನು ಬದುಕಿಸು."

ಡಾಕ್ಟರು ಹೇಳಿದ ಲಿವರಿನ ವಿಷಯವನ್ನು ಹಿಂದೆಯೇ ಹೋಗಿದ್ದ ನಾನು ಹೇಳಿದೆ. ಸಾವಿತ್ರಮ್ಮ ಒಲೆಯ ಹತ್ತಿರ ಗೋಣಿಚೀಲ ಹಾಸಿದರು. "ಇಲ್ಲೇ ಬಿಟ್ಟೋಗಿ ಅಮ್ಮಾ. ಬೇಯಿಸ್ವಾಗ ವಾಸ್ನೆ ಬತ್ತದೆ, ನಿಮಗೆ ಆಗದಿಲ್ಲ."

ಮೋತಿ ಬದುಕಿತು. ವಸಡಿಗೆ ನಿಧಾನಕ್ಕೆ ಬಣ್ಣ ಬಂತು. ಆ ಮಹಾತಾಯಿಯ ಋಣ ನಾವು ತೀರಿಸುವಂಥದ್ದಲ್ಲ. ಆದರೆ ನಾಯಿಗೆ ಅಲ್ಲಿನ ರುಚಿ ಹತ್ತಿದೆ. ಒಮ್ಮೆ ಬಂದು, ಅತ್ತೆ ಇಟ್ಟ ಮೊಸರನ್ನ ಮೂಸಿ, ಬಾಲ ಅಲ್ಲಾಡಿಸಿ, ವಾಪಸು ಹೋಯಿತು. ಅತ್ತೆ ಕರೆಯಲಿಲ್ಲ.

ಹೊತ್ತು ಮುಳುಗುವುದರೊಳಗೆ ನಮ್ಮಲ್ಲಿ ಊಟವಾಗಬೇಕು. ಅದಕ್ಕೆ ಮೊದಲು ಅತ್ತೆ ಬೇಲಿಯ ಹತ್ತಿರ ಹೋಗಿ, ಮೋತಿ ಉಂಡಿತಾ ಎಂದು ಕೇಳುತ್ತಾರೆ. ಉಂಡಿತು ಎಂದು ಸಾವಿತ್ರಮ್ಮ ಹೇಳಿದ ಮೇಲೇ ಬಂದು ಎಲೆ ಮುಂದೆ ಕೂರುತ್ತಾರೆ. ಏನು ಉಂಡಿತು ಎಂದು ಮಾತ್ರ ಕೇಳುವುದಿಲ್ಲ.